75,000 ಬಜೆಟ್‌ಗೆ ಗೇಮಿಂಗ್ ಮತ್ತು ವಿಡಿಯೊ ಎಡಿಟಿಂಗ್ ಲ್ಯಾಪ್‌ಟಾಪ್: ಮೂರರಲ್ಲಿ ಯಾವುದು ತಗೊಳ್ಳಲಿ?

ದಾವಣಗೆರೆ_ಕ್ಲಿಪ್ಸ್

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ತಗೋಬೇಕು. ಬಜೆಟ್ 75,000, ಬಹಳ ಎಳೆದರೆ 80,000. ಅದರ ಮೇಲೆ ಒಂದು ರೂಪಾಯಿನೂ ಆಗಲ್ಲ.

ಕೆಲಸ ಏನಂದ್ರೆ, ಮದುವೆ, ನಾಮಕರಣದ ವಿಡಿಯೊ ಮತ್ತು ರೀಲ್ಸ್. ಕ್ಯಾಮೆರಾ ಸೋನಿ ಝಡ್‌ವಿ-ಇ10, 4ಕೆ. ಆಗಾಗ ಬೇರೆಯವರು ಎ7 ಮಾರ್ಕ್ 4ರಲ್ಲಿ ತೆಗೆದ ಫೂಟೇಜ್ ಕೊಡ್ತಾರೆ. ಮೊಬೈಲ್ ಕ್ಲಿಪ್‌ಗಳು ಇದ್ದೇ ಇರುತ್ತವೆ. ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್, ಫ್ರೀ ಆವೃತ್ತಿ. ಆಟ ಅಂದ್ರೆ ವ್ಯಾಲೊರಂಟ್, ಜಿಟಿಎ 5, ಸೈಬರ್‌ಪಂಕ್ 2077. 1080ಪಿ ಸಾಕು.

ಕಣ್ಣಿಗೆ ಬಿದ್ದಿರೋದು ಮೂರು:

ಅ) ಆರ್‌ಟಿಎಕ್ಸ್ 4050 ಜಿಪಿಯು (ಗ್ರಾಫಿಕ್ಸ್ ಚಿಪ್), ಐ5-12450ಎಚ್ ಸಿಪಿಯು (ಮುಖ್ಯ ಪ್ರೊಸೆಸರ್), 16 ಜಿಬಿ ರ‍್ಯಾಮ್. ತೆಳ್ಳಗೆ, ಹಗುರ. ಜಿಪಿಯು 45 ವ್ಯಾಟ್ ಅಂತ ಸಣ್ಣಕ್ಷರದಲ್ಲಿದೆ.
ಆ) ಆರ್‌ಟಿಎಕ್ಸ್ 3050 6 ಜಿಬಿ, ಐ5-12450ಎಚ್‌ಎಕ್ಸ್, 12 ಜಿಬಿ. ಜಿಪಿಯು 95 ವ್ಯಾಟ್.
ಇ) ಆರ್‌ಟಿಎಕ್ಸ್ 4050, ರೈಜನ್ 7 7435ಎಚ್‌ಎಸ್, 16 ಜಿಬಿ. ವ್ಯಾಟ್ ಎಷ್ಟು ಅಂತ ಮಾರಾಟದ ಪುಟದಲ್ಲಿ ಎಲ್ಲೂ ಇಲ್ಲ.

ಯಾವುದು?

ವ್ಯಾಟ್_ಲೆಕ್ಕ

ತಮ್ಮಾ, ಮೊದಲು ಆ 45 ವ್ಯಾಟ್ ವಿಷಯ. 4050 ಅಂತ ಸ್ಟಿಕ್ಕರ್ ಅಂಟಿಸಿದ ಮಾತ್ರಕ್ಕೆ ಎಲ್ಲಾ 4050 ಒಂದೇ ಅಲ್ಲ. ಇದೇ ಚಿಪ್ಪನ್ನ 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟಕ್ಕೆ ಬೇಕಾದ್ರೂ ಹೊಂದಿಸಿ ಮಾರೋಕೆ ಎನ್‌ವಿಡಿಯಾ ಕಂಪನಿಗಳಿಗೆ ಬಿಟ್ಟಿದೆ. ಈ ಮಿತಿಗೆ ಟಿಜಿಪಿ ಅಂತಾರೆ. 45 ವ್ಯಾಟಿನ 4050ಗೂ 95 ವ್ಯಾಟಿನ 4050ಗೂ ಸೈಬರ್‌ಪಂಕ್‌ನಂಥ ಆಟದಲ್ಲಿ ಕಣ್ಣಿಗೆ ಕಾಣೋಷ್ಟು ವ್ಯತ್ಯಾಸ ಇರುತ್ತೆ. ಇನ್ನೊಂದು ಕಡೆ, 75 ದಾಟಿದ ಮೇಲೆ ಲಾಭ ಕಡಿಮೆ ಆಗ್ತಾ ಹೋಗುತ್ತೆ. 100 ದಾಟಿದರೆ ಈ ಚಿಪ್ಪು ಹೆಚ್ಚು ಕುಡಿಯೋದೇ ಇಲ್ಲ. ಹಾಗಾಗಿ '140 ವ್ಯಾಟ್' ಅಂತ ದೊಡ್ಡಕ್ಷರದಲ್ಲಿ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. 75 ಮತ್ತು 100ರ ನಡುವೆ ಸಿಕ್ಕರೆ ಸಾಕು.

ವ್ಯಾಟ್ ಬರೆದಿಲ್ಲ ಅಂದ್ರೆ ಮಾಡೆಲ್ ನಂಬರ್ ಪೂರ್ತಿ ಬರ್ಕೊಂಡು ಕಂಪನಿಯ ಸ್ವಂತ ಸ್ಪೆಸಿಫಿಕೇಶನ್ ಹಾಳೆ ನೋಡಿ. ಲೆನೊವೊಗೆ 'ಪಿಎಸ್‌ರೆಫ್' ಅಂತ ಬೇರೆ ಪುಟವೇ ಇದೆ. ಅಲ್ಲಿ ಟಿಜಿಪಿ, ಪರದೆಯ ಬಣ್ಣದ ವ್ಯಾಪ್ತಿ, ಸ್ಲಾಟ್ ಎಷ್ಟು ಎಲ್ಲಾ ಸಿಗುತ್ತೆ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ ತೆಗೆದು, ಹೆಲ್ಪ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಒತ್ತಿ. 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅನ್ನೋ ಸಾಲಿನಲ್ಲಿ ಇರೋದೇ ನಿಜವಾದ ಸಂಖ್ಯೆ.

ಇದ್ಯಾವುದೂ ಸಿಗದಿದ್ದರೆ ಚಾರ್ಜರ್ ನೋಡಿ. 120 ವ್ಯಾಟ್ ಚಾರ್ಜರ್ ಅಂದ್ರೆ ಅದರಲ್ಲಿ ಸಿಪಿಯುಗೆ 45 ತೆಗೀರಿ, ಪರದೆ, ಫ್ಯಾನ್, ಎಸ್‌ಎಸ್‌ಡಿಗೆ ಒಂದು 15–20 ತೆಗೀರಿ. ಜಿಪಿಯುಗೆ ಉಳಿಯೋದು ಐವತ್ತು ಚಿಲ್ಲರೆ. 170, 200, 230 ವ್ಯಾಟಿನ ಇಟ್ಟಿಗೆಯಂಥ ಚಾರ್ಜರ್ ಕೊಟ್ಟಿದ್ದಾರೆ ಅಂದ್ರೆ ಒಳಗಿರೋ ಜಿಪಿಯುಗೆ ಉಸಿರಾಡೋಕೆ ಜಾಗ ಇದೆ ಅಂತ ಅರ್ಥ.

'ಅ' ಬಿಟ್ಟುಬಿಡಿ.

ದಾವಣಗೆರೆ_ಕ್ಲಿಪ್ಸ್

ಧನ್ಯವಾದ ಅಣ್ಣ. ಹಾಗಾದ್ರೆ 95 ವ್ಯಾಟಿನ 3050 ತಗೊಂಡು 15 ಸಾವಿರ ಉಳಿಸ್ಕೊಳ್ಳೋದು ಲೇಸಾ?

ವ್ಯಾಟ್_ಲೆಕ್ಕ

ಎರಡಕ್ಕೂ 6 ಜಿಬಿ ವಿ-ರ‍್ಯಾಮ್ (ಜಿಪಿಯುವಿನ ಸ್ವಂತ ಮೆಮೊರಿ), 96 ಬಿಟ್ ಬಸ್ (ಆ ಮೆಮೊರಿಗೆ ಹೋಗೋ ದಾರಿಯ ಅಗಲ), 2560 ಕೋರ್. ಕಾಗದದ ಮೇಲೆ ಅವಳಿ ಮಕ್ಕಳಂತೆ ಕಾಣ್ತವೆ, ಆದ್ರೆ 4050 ಒಂದು ತಲೆಮಾರು ಹೊಸದು, ಅಷ್ಟೇ ವ್ಯಾಟಿಗೆ ತುಂಬಾ ಹೆಚ್ಚು ಗಡಿಯಾರದ ವೇಗದಲ್ಲಿ ಓಡುತ್ತೆ. ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಶನ್ (ಆಟದ ಫ್ರೇಮುಗಳ ನಡುವೆ ಹೊಸ ಫ್ರೇಮ್ ತಾನೇ ತುಂಬೋ ತಂತ್ರ) 40ರ ಸರಣಿಯಿಂದ ಮೇಲಕ್ಕೆ ಮಾತ್ರ. ಎವಿ1 (ಹೊಸ ವಿಡಿಯೊ ಫಾರ್ಮ್ಯಾಟ್) ಎನ್‌ಕೋಡರ್ ಕೂಡ ಹಾಗೇ, 3050 ಎವಿ1 ಫೈಲ್ ಓದುತ್ತೆ, ಬರೆಯೋಕೆ ಬರಲ್ಲ.

ಬರೀ ವ್ಯಾಲೊರಂಟ್, ಜಿಟಿಎ 5 ಆಗಿದ್ದರೆ 3050 6 ಜಿಬಿ ಸಾಕಿತ್ತು. ವ್ಯಾಲೊರಂಟ್‌ನಲ್ಲಿ ಜಿಪಿಯುಗಿಂತ ಸಿಪಿಯು ಕೆಲಸವೇ ಹೆಚ್ಚು. ಸೈಬರ್‌ಪಂಕ್ ಮತ್ತು ಎಡಿಟಿಂಗ್ ಇರೋದ್ರಿಂದ 4050 ಕಡೆ ಹೋಗಿ ಅಂತೀನಿ.

ಒಂದು ಎಚ್ಚರಿಕೆ. 3050ರಲ್ಲೇ 4 ಜಿಬಿದೂ ಮಾರ್ತಾರೆ, 2050 ಅಂತ 64 ಬಿಟ್ ಬಸ್ಸಿನ 4 ಜಿಬಿದೂ ಇದೆ. ಎರಡನ್ನೂ ಮುಟ್ಟಬೇಡಿ. 4ಕೆ ಟೈಮ್‌ಲೈನ್‌ನಲ್ಲಿ ನಾಲ್ಕು ಇಫೆಕ್ಟ್ ಹಾಕಿದ ಕೂಡಲೇ 'ಜಿಪಿಯು ಮೆಮೊರಿ ತುಂಬಿದೆ' ಅಂತ ರಿಸಾಲ್ವ್ ನಿಂತುಬಿಡುತ್ತೆ. ರ‍್ಯಾಮ್ ಆಮೇಲೆ ಹಾಕಬಹುದು, ವಿ-ರ‍್ಯಾಮ್ ಹಾಕೋಕೆ ಆಗಲ್ಲ.

ಕಡಲತಡಿ_ಕಲರಿಸ್ಟ್

ಎಡಿಟಿಂಗ್ ಅಂದ ಕೂಡಲೇ ಎಲ್ಲರೂ ಜಿಪಿಯು ಅಂತ ಓಡ್ತೀರಿ ಮಾರಾಯ್ರೆ, ಮೊದಲು ಫೂಟೇಜ್ ನೋಡಿ. ಟೈಮ್‌ಲೈನ್ ತಡವರಿಸೋದು ಹತ್ತರಲ್ಲಿ ಎಂಟು ಸಲ ಡಿಕೋಡಿಂಗ್‌ನಿಂದ, ಅಂದ್ರೆ ಕ್ಯಾಮೆರಾ ಹಿಂಡಿ ಇಟ್ಟ ಫೈಲನ್ನ ಬಿಚ್ಚುವ ಕೆಲಸದಿಂದ.

ಝಡ್‌ವಿ-ಇ10 ಕೊಡೋದು ಎಚ್.264, 8 ಬಿಟ್, 4:2:0 (ಎಚ್.264, ಎಚ್.265 ಅಂದ್ರೆ ವಿಡಿಯೊ ಹಿಂಡೋ ವಿಧಾನ, ಬಿಟ್ ಅಂದ್ರೆ ಬಣ್ಣದ ಸೂಕ್ಷ್ಮತೆ, 4:2:0, 4:2:2 ಅಂದ್ರೆ ಬಣ್ಣದ ಮಾಹಿತಿ ಎಷ್ಟು ಉಳಿಸಿದೆ ಅನ್ನೋ ಲೆಕ್ಕ). ಇದನ್ನ ಈಗಿನ ಯಾವ ಹಾರ್ಡ್‌ವೇರ್ ಡಿಕೋಡರ್ ಆದ್ರೂ ಬಿಚ್ಚುತ್ತೆ. ತೊಂದರೆ ಬರೋದು ಎ7 ಮಾರ್ಕ್ 4ರಿಂದ. ಅದು 10 ಬಿಟ್ 4:2:2 ಕೊಡುತ್ತೆ, ಅಲ್ಲಿ ಎಲ್ಲಾ ಚಿಪ್ಪೂ ಒಂದೇ ಅಲ್ಲ:

ಎಚ್.265, 10 ಬಿಟ್, 4:2:2 — ಇಂಟೆಲ್ 11ನೇ ತಲೆಮಾರಿನಿಂದ ಮುಂದಿನ ಒಳ ಗ್ರಾಫಿಕ್ಸ್‌ನಲ್ಲಿರೋ (ಸಿಪಿಯು ಒಳಗೇ ಇರೋ ಗ್ರಾಫಿಕ್ಸ್) ಕ್ವಿಕ್ ಸಿಂಕ್ ಅನ್ನೋ ವಿಡಿಯೊ ಭಾಗ ಬಿಚ್ಚುತ್ತೆ. ಎನ್‌ವಿಡಿಯಾ 30, 40ರ ಸರಣಿಗೆ ಆಗಲ್ಲ, 50ರ ಸರಣಿಯಿಂದ ಬಂತು. ರೈಜನ್ ಲ್ಯಾಪ್‌ಟಾಪ್‌ಗಳ ಒಳ ಗ್ರಾಫಿಕ್ಸ್‌ನಲ್ಲಿ ಇಲ್ಲ.

ಎಚ್.264, 10 ಬಿಟ್, 4:2:2 (ಸೋನಿಯ ಎಕ್ಸ್‌ಎವಿಸಿ ಎಸ್) — ನಿಮ್ಮ ಪಟ್ಟಿಯ ಮೂರರಲ್ಲಿ ಯಾವುದಕ್ಕೂ ಹಾರ್ಡ್‌ವೇರ್‌ನಲ್ಲಿ ಆಗಲ್ಲ. ಎನ್‌ವಿಡಿಯಾ 50ರ ಸರಣಿಗೆ ಆಗುತ್ತೆ. ಉಳಿದ ಕಡೆ ಸಿಪಿಯು ಒಂದೇ ಹೊರಬೇಕು. ಫ್ಯಾನ್ ಕೂಗುತ್ತೆ, ಪ್ಲೇಬ್ಯಾಕ್ ತುಂಡು ತುಂಡಾಗುತ್ತೆ.

ನಿಮ್ಮ ಹತ್ರ ಏನಿದೆ ಅಂತ ಊಹೆ ಬೇಡ. 'ಮೀಡಿಯಾಇನ್ಫೊ' ಅಂತ ಉಚಿತ ತಂತ್ರಾಂಶ ಇದೆ, ಹಾಕ್ಕೊಳ್ಳಿ. ಒಂದು ಕ್ಲಿಪ್ ಎಳೆದು ಬಿಡಿ, ನೋಟವನ್ನ 'ಟ್ರೀ'ಗೆ ಬದಲಿಸಿ. ವಿಡಿಯೊ ಭಾಗದಲ್ಲಿ ನಾಲ್ಕು ಸಾಲು ಓದಿ: ಫಾರ್ಮ್ಯಾಟ್ (ಎವಿಸಿ ಅಂದ್ರೆ ಎಚ್.264, ಎಚ್‌ಇವಿಸಿ ಅಂದ್ರೆ ಎಚ್.265), ಕ್ರೋಮಾ ಸಬ್‌ಸ್ಯಾಂಪ್ಲಿಂಗ್, ಬಿಟ್ ಡೆಪ್ತ್, ಫ್ರೇಮ್ ರೇಟ್ ಮೋಡ್. ಲ್ಯಾಪ್‌ಟಾಪ್ ಆಯ್ಕೆಗೆ ಈ ನಾಲ್ಕು ಸಾಲಿಗಿಂತ ಒಳ್ಳೆ ದಾರಿ ಇಲ್ಲ.

'ಇ'ಯ 7435ಎಚ್‌ಎಸ್‌ಗೆ ಒಳ ಗ್ರಾಫಿಕ್ಸೇ ಇಲ್ಲ. ಬರೀ ಬ್ರೌಸರ್ ತೆಗೆದ್ರೂ ದೊಡ್ಡ ಜಿಪಿಯು ಎಚ್ಚರವಾಗೇ ಇರುತ್ತೆ, ಬ್ಯಾಟರಿ ನಿಲ್ಲಲ್ಲ. ಮಂಟಪದಲ್ಲಿ ಕೂತು ಕಾರ್ಡ್ ಕಾಪಿ ಮಾಡೋರಿಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಮತ ಇಂಟೆಲ್‌ಗೆ.

ಎಂಟು_ಕೋರ್

ಕಡಲತಡಿಯವರ ಮಾತು ರಿಸಾಲ್ವ್ ಸ್ಟುಡಿಯೊ ಆವೃತ್ತಿಗೆ, ಅಡೋಬಿ ಪ್ರೀಮಿಯರ್ ತಂತ್ರಾಂಶಕ್ಕೆ ಸರಿ. ಇವರು ಬಳಸೋದು ಫ್ರೀ ರಿಸಾಲ್ವ್. ವಿಂಡೋಸ್‌ನಲ್ಲಿ ಎಚ್.264, ಎಚ್.265 ಡಿಕೋಡಿಂಗ್‌ಗೆ ಜಿಪಿಯು ನೆರವು ಪೂರ್ತಿಯಾಗಿ ಸಿಗೋದು ಹಣ ಕೊಟ್ಟು ಕೊಳ್ಳೋ ಸ್ಟುಡಿಯೊದಲ್ಲಿ. ಫ್ರೀಯಲ್ಲಿ ಭಾರ ಬೀಳೋದು ಸಿಪಿಯು ಮೇಲೆ. ಹಾಗಿದ್ದಾಗ 8 ಕೋರ್ 16 ಥ್ರೆಡ್ಡಿನ 7435ಎಚ್‌ಎಸ್ ಮುಂದೆ 4 ದೊಡ್ಡ, 4 ಸಣ್ಣ ಕೋರು, 12 ಥ್ರೆಡ್ಡಿನ 12450ಎಚ್‌ಎಕ್ಸ್ ಹೇಗೆ ಮೇಲು? ಎ7 ಫೂಟೇಜ್ ಬರೋದು 'ಆಗಾಗ' ಅಂತ ಅವರೇ ಬರೆದಿದ್ದಾರೆ.

ಕಡಲತಡಿ_ಕಲರಿಸ್ಟ್

ಫ್ರೀ ಆವೃತ್ತಿ ವಿಷಯ ನೀವು ಹೇಳಿದ್ದು ಸರಿ, ಒಪ್ಪುತ್ತೇನೆ. ಹಾಗಂತ ಅವರು ಫ್ರೀಯಲ್ಲೇ ಉಳಿಯೋದಿಲ್ಲ. ರಾತ್ರಿ ಮಂಟಪದ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ (ಕತ್ತಲ ದೃಶ್ಯದ ಚುಕ್ಕೆ ತೆಗೆಯೋದು) ಬೇಕಾಗುತ್ತೆ, ಅದು ಸ್ಟುಡಿಯೊದಲ್ಲಿ ಮಾತ್ರ. 295 ಡಾಲರ್, ಒಂದೇ ಸಲ ಕಟ್ಟೋದು. ಸೋನಿ ಫೂಟೇಜ್ ಇದ್ದವರಿಗೆ ಮುಂದಿನ ವರ್ಷ ಅದೇ ಮೊದಲ ಖರ್ಚಾಗಬೇಕು.

ನಡುವಿನ ದಾರಿ ಇದೆ. 12450 ಬಿಟ್ಟು ಐ5-13450ಎಚ್‌ಎಕ್ಸ್ ಇರೋ 4050 ಹುಡುಕಿ. 6 ದೊಡ್ಡ ಕೋರು, 4 ಸಣ್ಣ ಕೋರು, 16 ಥ್ರೆಡ್, ಮೇಲೆ ಕ್ವಿಕ್ ಸಿಂಕ್. ಇಬ್ಬರ ವಾದವೂ ಅಲ್ಲಿಗೆ ಮುಗಿಯುತ್ತೆ. 13420ಎಚ್‌ಗೆ ಮೋಸಹೋಗಬೇಡಿ. ಸಂಖ್ಯೆ 13ರಿಂದ ಶುರುವಾದ್ರೂ ಕೋರುಗಳ ಲೆಕ್ಕದಲ್ಲಿ ಅದು 12450ರ ಹಾಗೇ 4+4.

ಎಂಟು_ಕೋರ್

13450ಎಚ್‌ಎಕ್ಸ್ + 4050 ಬಜೆಟ್‌ನಲ್ಲಿ ಸಿಕ್ಕರೆ ನನ್ನದೂ ಅದೇ ಮತ. ಸಿಗದಿದ್ದರೆ 'ಇ', ಪ್ರಾಕ್ಸಿ ಮಾಡ್ಕೊಂಡು.

ದಾವಣಗೆರೆ_ಕ್ಲಿಪ್ಸ್

ಪ್ರಾಕ್ಸಿ ಅಂದ್ರೆ ಹಂತ ಹಂತವಾಗಿ ಹೇಳ್ತೀರಾ? ಮಾಡಿದರೆ ಜಾಗ ಎಷ್ಟು ತಿನ್ನುತ್ತೆ?

ಕಡಲತಡಿ_ಕಲರಿಸ್ಟ್

ಮೂಲ ಫೈಲ್ ಹಾಗೇ ಇಟ್ಟು, ಬಿಚ್ಚೋಕೆ ಸುಲಭವಾದ ಸಣ್ಣ ನಕಲು ಮಾಡ್ಕೊಂಡು ಅದರ ಮೇಲೆ ಕತ್ತರಿಸೋದು. ಕೊನೆಗೆ ಎಕ್ಸ್‌ಪೋರ್ಟ್ ಮೂಲದಿಂದಲೇ ಆಗುತ್ತೆ.

ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್, ಮಾಸ್ಟರ್ ಸೆಟ್ಟಿಂಗ್ಸ್‌ಗೆ ಹೋಗಿ. ಕೆಳಗೆ ಪ್ರಾಕ್ಸಿ ರೆಸಲ್ಯೂಶನ್ 'ಹಾಫ್', ಫಾರ್ಮ್ಯಾಟ್ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಇಡಿ. ಪ್ರಾಕ್ಸಿ ಉಳಿಸೋ ಫೋಲ್ಡರನ್ನ ಸಿ ಡ್ರೈವ್‌ನಿಂದ ಬೇರೆ ಕಡೆ ತೋರಿಸಿ. ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನ ಆರಿಸಿ ಬಲ ಕ್ಲಿಕ್, 'ಜನರೇಟ್ ಪ್ರಾಕ್ಸಿ ಮೀಡಿಯಾ'. ಮುಗಿದ ಮೇಲೆ ಪ್ಲೇಬ್ಯಾಕ್ ಮೆನುವಿನ ಪ್ರಾಕ್ಸಿ ಹ್ಯಾಂಡ್ಲಿಂಗ್‌ನಲ್ಲಿ 'ಪ್ರಿಫರ್ ಪ್ರಾಕ್ಸೀಸ್'. ಎಕ್ಸ್‌ಪೋರ್ಟ್ ಮಾಡುವಾಗ ಡೆಲಿವರ್ ಪುಟದಲ್ಲಿ 'ಯೂಸ್ ಪ್ರಾಕ್ಸಿ ಮೀಡಿಯಾ'ಕ್ಕೆ ಟಿಕ್ ಇರಬಾರದು. ಟಿಕ್ ಉಳಿದುಬಿಟ್ಟರೆ 4ಕೆ ಅಂತ ಹೆಸರಿಟ್ಟುಕೊಂಡು ಮಸುಕು ವಿಡಿಯೊ ಗಿರಾಕಿ ಕೈಸೇರುತ್ತೆ.

ಜಾಗ: 1080ಪಿ 25 ಫ್ರೇಮಿಗೆ ಈ ಪ್ರಾಕ್ಸಿ ಸೆಕೆಂಡಿಗೆ ಸುಮಾರು 36 ಮೆಗಾಬಿಟ್. ಒಂದು ಗಂಟೆಗೆ 16 ಜಿಬಿ. 100 ಮೆಗಾಬಿಟ್ಟಿನ ಮೂಲ 4ಕೆ ಗಂಟೆಗೆ 45 ಜಿಬಿ. ಐದು ಗಂಟೆ ಫೂಟೇಜಿನ ಮದುವೆಗೆ ಮೂಲ 225, ಪ್ರಾಕ್ಸಿ 80, ಒಟ್ಟು 300 ದಾಟುತ್ತೆ. 512ರ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ ಕಾಣೋದೇ 476. ಆಟ ಒಂದೆರಡು ಹಾಕಿದ ಮೇಲೆ ಒಂದು ಮದುವೆನೂ ಹಿಡಿಸಲ್ಲ.

ಮೊಬೈಲ್ ಕ್ಲಿಪ್ಪಿನದು ಬೇರೆ ರೋಗ. ಮೀಡಿಯಾಇನ್ಫೊದಲ್ಲಿ ಫ್ರೇಮ್ ರೇಟ್ ಮೋಡ್ 'ವೇರಿಯಬಲ್' ಅಂತ ಇದ್ದರೆ, ಉದ್ದ ಕ್ಲಿಪ್ಪಿನಲ್ಲಿ ಬರ್ತಾ ಬರ್ತಾ ತುಟಿಗೂ ಮಾತಿಗೂ ತಾಳೆ ತಪ್ಪುತ್ತೆ. ಟೈಮ್‌ಲೈನಿಗೆ ಹಾಕೋ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನೋ ಪರಿವರ್ತನೆ ತಂತ್ರಾಂಶದಲ್ಲಿ 'ಕಾನ್ಸ್ಟಂಟ್ ಫ್ರೇಮ್‌ರೇಟ್', ಪ್ರಾಜೆಕ್ಟಿನದೇ 25 ಅಥವಾ 30, ಗುಣಮಟ್ಟ ಆರ್‌ಎಫ್ 18 ಇಟ್ಟು ಪರಿವರ್ತಿಸಿ. ಆಮೇಲೆ ಕೈಯಲ್ಲಿ ಸರಿಸ್ತಾ ಕೂರೋಕೆ ಹೋದ್ರೆ ಕೆಲಸ ಕೆಡುತ್ತೆ.

ಹುಬ್ಬಳ್ಳಿ_ಬೋರ್ಡ್

ರ‍್ಯಾಮ್ ಬಗ್ಗೆ ಯಾರೂ ಹೇಳಲಿಲ್ಲಲ್ರಿ. 16 ಜಿಬಿ ಅಂತ ಬರೆದಿದ್ದು ಒಂದೇ ಸ್ಟಿಕ್ಕೋ, 8+8 ಎರಡೋ ಅದನ್ನ ಕೇಳ್ರಿ. ಒಂದೇ ಸ್ಟಿಕ್ ಅಂದ್ರ ಸಿಂಗಲ್ ಚಾನೆಲ್ (ಮೆಮೊರಿಗೆ ಒಂದೇ ದಾರಿ). ವ್ಯಾಲೊರಂಟ್‌ದಂಥಾ ಸಿಪಿಯು ಮ್ಯಾಲೆ ನಿಂತ ಆಟದಾಗ ಕನಿಷ್ಠ ಫ್ರೇಮ್ ರೇಟ್ ಬೀಳತದ, ಆಟ ಜಗ್ಗಿದಂಗ ಆಗತದ. 'ಆ'ದೊಳಗಿನ 12 ಜಿಬಿ ಒಂದೇ ಸ್ಟಿಕ್ ಇರೋ ಸಾಧ್ಯತೆನೇ ಹೆಚ್ಚು. ಟಾಸ್ಕ್ ಮ್ಯಾನೇಜರ್, ಪರ್ಫಾರ್ಮೆನ್ಸ್, ಮೆಮೊರಿ ಒಳಗ ಹೋದ್ರ 'ಸ್ಲಾಟ್ಸ್ ಯೂಸ್ಡ್ 1 ಆಫ್ 2' ಅಂತ ಕಾಣತದ. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಇದ್ದರ ಆ ಮಾಡೆಲ್ ಬ್ಯಾಡ.

ಎಡಿಟಿಂಗಿಗೆ 16 ಕನಿಷ್ಠ, 32 ಇದ್ದರ ನಿಶ್ಚಿಂತಿ. ಆದರ 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಾಳ ಏರೇದ. 'ಆಮ್ಯಾಲೆ ಅಗ್ಗಕ್ಕ ಹಾಕಸ್ತೀನಿ' ಅನ್ನೋ ಹಳೆ ಲೆಕ್ಕ ಈಗ ನಡಿಯಂಗಿಲ್ಲ. ಲ್ಯಾಪ್‌ಟಾಪ್ ಜೊತಿಗೇ ಬರೋ 16 ಜಿಬಿಗೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟ ಇಲ್ಲ.

ಹಾಕೋದಾದ್ರ ಕ್ರಮ ಹಿಂಗ:

1. ಮೊದಲು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ರಿಕವರಿ ಕೀ ಬರಕೋರಿ. ವಿಂಡೋಸ್ 11ರಾಗ ಡಿವೈಸ್ ಎನ್‌ಕ್ರಿಪ್ಶನ್ ತಾನ ಆನ್ ಆಗಿರತದ. ಹಾರ್ಡ್‌ವೇರ್ ಇಲ್ಲಾ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಬದಲಾದ ಮ್ಯಾಲೆ ಕೀ ಕೇಳಿದರ, ಕೈಯಾಗ ಇಲ್ಲದಿದ್ದರ ಇದ್ದ ಫೂಟೇಜ್ ಎಲ್ಲಾ ಹೋದಂಗ. ಮೈಕ್ರೊಸಾಫ್ಟ್ ಅಕೌಂಟಿನ ಡಿವೈಸ್ ಪುಟದಾಗ ಅದು ಸಿಗತದ.
2. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡ್ರಿ, ಸ್ಲೀಪ್ ಅಲ್ಲ. ಚಾರ್ಜರ್ ತಗೀರಿ.
3. ತಳದ ಸ್ಕ್ರೂ ಬಿಚ್ಚಿ, ಬಿಚ್ಚಿದ ಜಾಗದ ಕ್ರಮದಾಗ ಕಾಗದದ ಮ್ಯಾಲೆ ಇಡ್ರಿ. ಎಲ್ಲಾ ಒಂದೇ ಉದ್ದ ಇರಂಗಿಲ್ಲ, ಉದ್ದನ್ನ ಸ್ಕ್ರೂ ಗಿಡ್ಡ ಜಾಗಕ್ಕ ಹಾಕಿ ತಿರುವಿದ್ರ ಮ್ಯಾಲಿನ ಕವಚ ಉಬ್ಬತದ, ಒಡೀತದ. ಮುಚ್ಚಳ ಎಬ್ಬಸಾಕ ಪ್ಲಾಸ್ಟಿಕ್ ಕಾರ್ಡ್ ಬಳಸ್ರಿ, ಸ್ಕ್ರೂಡ್ರೈವರ್ ತೂರಸಬ್ಯಾಡ್ರಿ.
4. ಬ್ಯಾಟರಿ ಕನೆಕ್ಟರ್ ಮೊದಲು ತಗೀರಿ. ಯಾವುದರೆ ಲೋಹ ಮುಟ್ಟಿ ಮೈಯಾಗಿನ ಸ್ಥಾಯಿ ವಿದ್ಯುತ್ ಇಳಿಸ್ಕೋರಿ.
5. ಸ್ಟಿಕ್ಕಿನ ಕಚ್ಚು ಹೊಂದಿಸಿ, ಸುಮಾರು 30 ಡಿಗ್ರಿ ಓರೆಯಾಗಿ ಒಳಗ ತಳ್ರಿ. ಬಂಗಾರದ ಬಣ್ಣದ ಪಟ್ಟಿ ಬಾಳಷ್ಟು ಒಳಗ ಹೋಗಬೇಕು. ಆಮ್ಯಾಲೆ ಕೆಳಗ ಒತ್ತಿದ್ರ ಎರಡೂ ಬದಿ ಕ್ಲಿಪ್ 'ಟಕ್' ಅನ್ನತಾವ.
6. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಡಿಡಿಆರ್5 (ಈಗಿನ ತಲೆಮಾರಿನ ರ‍್ಯಾಮ್) ಹೊಸ ಸ್ಟಿಕ್ಕಿಗೆ ತನ್ನನ್ನ ಹೊಂದಿಸ್ಕೊಳ್ಳಾಕ ಹಿಡಿಯೋ ಹೊತ್ತು ಅದು. ಕೆಟ್ಟೋತು ಅಂತ ಗಾಬರಿಯಾಗಿ ಪವರ್ ಬಟನ್ ಹಿಡಿದು ಆರಿಸಬ್ಯಾಡ್ರಿ.

ಹತ್ತು ನಿಮಿಷ ಕಳೆದರೂ ಏಳದಿದ್ದರ ಹೊಸದು ತಗದು, ಹಳೇದೊಂದರ ಮ್ಯಾಲೇ ಏಳತದೇನು ನೋಡ್ರಿ. ಬಾಳ ಸಲ ಸ್ಟಿಕ್ ಪೂರಾ ಕೂತಿರಂಗಿಲ್ಲ, ಅಷ್ಟ. ಡಿಡಿಆರ್4, ಡಿಡಿಆರ್5 ಕಚ್ಚು ಬ್ಯಾರೆ ಬ್ಯಾರೆ, ಬಲವಂತ ಮಾಡಬ್ಯಾಡ್ರಿ. ವಾರಂಟಿ ಒಳಗಿದ್ದರ ತಳ ಬಿಚ್ಚೂ ಮೊದಲು ಕಂಪನಿ ಕಸ್ಟಮರ್ ಕೇರಿಗೆ ಇಮೇಲ್ ಹಾಕಿ ಅನುಮತಿ ಬರವಣಿಗಿಯಾಗ ತಗೋರಿ, ಫೋನಿನಾಗ ಹೇಳಿದ್ದು ನಿಲ್ಲಂಗಿಲ್ಲ.

ಬಣ್ಣ_ಬೆಳಕು

ಪರದೆ ನೋಡದೆ ತಗೊಂಡರೆ ಮೇಲೆ ಹೇಳಿದ್ದೆಲ್ಲಾ ಅರ್ಧಕ್ಕೆ ಅರ್ಧ ವ್ಯರ್ಥ. ಈ ಬೆಲೆಯಲ್ಲಿ '144 ಹರ್ಟ್ಸ್ ಐಪಿಎಸ್' ಅಂತ ಮಾತ್ರ ಬರೆದು, '45% ಎನ್‌ಟಿಎಸ್‌ಸಿ' ಅನ್ನೋದನ್ನ ಮೂಲೆಗೆ ತಳ್ತಾರೆ. ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎರಡೂ ಪರದೆಯ ಬಣ್ಣದ ವ್ಯಾಪ್ತಿಯ ಅಳತೆಗಳು. 45% ಎನ್‌ಟಿಎಸ್‌ಸಿ ಅಂದ್ರೆ ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗಕ್ಕೂ ಸ್ವಲ್ಪ ಕಡಿಮೆ. ಅರಿಶಿನ, ಕುಂಕುಮ, ರೇಷ್ಮೆಯ ಕೆಂಪು, ಇವೇ ಮದುವೆ ವಿಡಿಯೊದ ಜೀವ. ಆ ಪರದೆಯಲ್ಲಿ ಇವು ಮಂಕಾಗಿ ಕಾಣ್ತವೆ, ಎಡಿಟರ್ ಸ್ಯಾಚುರೇಶನ್ ಏರಿಸ್ತಾರೆ. ಅದೇ ವಿಡಿಯೊ ಗಿರಾಕಿಯ ಫೋನಿನಲ್ಲಿ ವಧುವಿನ ಮುಖ ಕಿತ್ತಳೆಯಾಗಿ ಕಾಣುತ್ತೆ.

'100% ಎಸ್‌ಆರ್‌ಜಿಬಿ' ಅಥವಾ '72% ಎನ್‌ಟಿಎಸ್‌ಸಿ', ಎರಡರಲ್ಲಿ ಒಂದು ಬರೆದಿರಬೇಕು. ಬೆಳಕು 300 ನಿಟ್ಸ್ ಇರಲಿ, 250 ಆದರೆ ಕಿಟಕಿ ಪಕ್ಕ ಕೆಲಸ ಆಗಲ್ಲ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡೂ ಥರದ ಪರದೆ ಬರುತ್ತೆ, ಅದಕ್ಕೇ ಮಾಡೆಲ್ ನಂಬರಿನ ಕೊನೆಯ ಅಕ್ಷರದವರೆಗೂ ಹೊಂದಿಸಿ ನೋಡಿ.

ಬೇರೆ ಎಲ್ಲಾ ಸರಿ ಇದ್ದು ಪರದೆ ಮಾತ್ರ ಸೋತಿದ್ದರೆ, ಮನೆಯಲ್ಲಿ ಕೂತೇ ಎಡಿಟ್ ಮಾಡೋರಾದ್ರೆ, 24 ಇಂಚಿನ 100% ಎಸ್‌ಆರ್‌ಜಿಬಿ ಐಪಿಎಸ್ ಮಾನಿಟರ್ ಬೇರೆ ತಗೊಂಡು ಬಣ್ಣದ ಕೆಲಸ ಅದರ ಮೇಲೆ ಮಾಡಿ. 240 ಹರ್ಟ್ಸ್‌ಗೆ ದುಡ್ಡು ಸುರೀಬೇಡಿ.

ದಾವಣಗೆರೆ_ಕ್ಲಿಪ್ಸ್

'ಇ'ಯ ಹಾಳೆ ಹುಡುಕಿದೆ. 45% ಎನ್‌ಟಿಎಸ್‌ಸಿ, 250 ನಿಟ್ಸ್. 13450ಎಚ್‌ಎಕ್ಸ್ + 4050, 95 ವ್ಯಾಟ್, 100% ಎಸ್‌ಆರ್‌ಜಿಬಿ ಒಂದು ಸಿಕ್ಕಿದೆ, ಆದ್ರೆ 84,000 ಇದೆ. 512 ಎಸ್‌ಎಸ್‌ಡಿ. ಏನ್ಮಾಡ್ಲಿ? ಸ್ನೇಹಿತ ಒಬ್ಬರು ಮ್ಯಾಕ್‌ಬುಕ್ ಏರ್ ತಗೋ ಅಂತಿದ್ದಾರೆ.

ಎಂಟು_ಕೋರ್

ಬರೀ ಎಡಿಟಿಂಗ್ ಆಗಿದ್ದರೆ 16 ಜಿಬಿಯ ಮ್ಯಾಕ್‌ಬುಕ್ ಏರ್‌ಗೆ ನಾನೂ ಕೈ ಎತ್ತುತ್ತಿದ್ದೆ. ವ್ಯಾಲೊರಂಟ್ ಮ್ಯಾಕ್‌ನಲ್ಲಿ ನಡೆಯಲ್ಲ, ಅಲ್ಲಿಗೆ ಮಾತು ಮುಗಿತು.

ಬಿಲ್ಲು_ಬೆಲೆ

84,000ದ್ದೇ ಸರಿಯಾದದ್ದು, ಅದನ್ನ 80ರೊಳಗೆ ತರೋದು ನೋಡಿ. ಆನ್‌ಲೈನ್ ಮಾರಾಟ ಮೇಳಗಳು ಜನವರಿಯ ಗಣರಾಜ್ಯೋತ್ಸವ, ಆಗಸ್ಟ್ 15, ದಸರಾ–ದೀಪಾವಳಿಯ ಆಸುಪಾಸು ಬರ್ತವೆ. ಬ್ಯಾಂಕ್ ಕಾರ್ಡಿನ ರಿಯಾಯಿತಿ ಸೇರಿದರೆ ನಾಲ್ಕೈದು ಸಾವಿರ ಇಳಿಯೋದು ಅಪರೂಪ ಅಲ್ಲ. ಮೇಳಕ್ಕೆ ಒಂದು ತಿಂಗಳ ಮೊದಲಿಂದಲೇ ಬೆಲೆ ಬರೆದಿಟ್ಟುಕೊಳ್ಳಿ. ಎಮ್‌ಆರ್‌ಪಿ ಮೇಲೆ '35% ಕಡಿತ' ಅನ್ನೋದಕ್ಕೆ ಅರ್ಥ ಇಲ್ಲ, ಹೋದ ವಾರ ಎಷ್ಟಿತ್ತು ಅನ್ನೋದೇ ಲೆಕ್ಕ.

'ನೋ ಕಾಸ್ಟ್ ಇಎಂಐ'ಯಲ್ಲಿ ಬಡ್ಡಿಯಷ್ಟನ್ನ ಮೊದಲೇ ರಿಯಾಯಿತಿ ಕೊಡ್ತಾರೆ, ಬಡ್ಡಿ ಮೇಲಿನ 18% ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ತಲೆಗೇ. ಸ್ಟುಡಿಯೊ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಇದ್ದರೆ ಆ ನಂಬರ್ ಹಾಕಿಸಿ ಬಿಲ್ ತಗೊಳ್ಳಿ. ಲ್ಯಾಪ್‌ಟಾಪ್ ಮೇಲಿನ ತೆರಿಗೆಯೂ 18%, ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯೋದು) ಸಿಕ್ಕರೆ ನಿಜವಾದ ಖರ್ಚು ದೊಡ್ಡ ಮೊತ್ತದಲ್ಲಿ ಇಳಿಯುತ್ತೆ. ಆನ್‌ಲೈನ್‌ನಲ್ಲಿ ಆರ್ಡರ್ ಹಾಕೋ ಮೊದಲೇ ನಂಬರ್ ತುಂಬಬೇಕು, ಆಮೇಲೆ ಬದಲಿಸಿ ಕೊಡಲ್ಲ.

ಬೆಂಗಳೂರಿಗೆ ಬರೋದಿದ್ದರೆ ಎಸ್.ಪಿ. ರೋಡಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬೆಲೆ ನಾಲ್ಕು ಅಂಗಡಿ ಕೇಳಿ. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡ್ತೀನಿ ಅಂದ್ರೆ ಬೇಡ, ಎಸ್‌ಎಸ್‌ಡಿಗೆ 3ರಿಂದ 5 ವರ್ಷದ ವಾರಂಟಿ ಇರುತ್ತೆ, ಬಿಲ್ ಇಲ್ಲದಿದ್ದರೆ ಅದನ್ನ ಕೇಳೋಕೆ ಆಧಾರವೇ ಇರಲ್ಲ.

ಹುಬ್ಬಳ್ಳಿ_ಬೋರ್ಡ್

512ಕ್ಕ ಅಂಜಬ್ಯಾಡ್ರಿ, ಎರಡನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂಡ್ರೋ ಜಾಗ) ಐತೇನು ನೋಡ್ರಿ, ಅಷ್ಟ. ಇದ್ದರ ಉದ್ದ 2280 (80 ಮಿ.ಮೀ.) ಹಿಡಿಸತದೋ 2242 (42 ಮಿ.ಮೀ.) ಮಾತ್ರನೋ ಅದನ್ನೂ ನೋಡ್ಕೋರಿ. 1 ಟಿಬಿ ಜೆನ್4 (ನಾಲ್ಕನೇ ತಲೆಮಾರಿನ) ಎಸ್‌ಎಸ್‌ಡಿ ಹಾಕ್ರಿ. ಅತಿ ಅಗ್ಗದ ಕ್ಯೂಎಲ್‌ಸಿ (ಒಂದು ಕೋಶದಾಗ ನಾಕು ಬಿಟ್ ತುಂಬೋ) ಎಸ್‌ಎಸ್‌ಡಿ ಮೊದಲ ಒಂದಿಷ್ಟು ಜಿಬಿ ಜೋರಾಗಿ ಬರೀತಾವ, ಕ್ಯಾಶ್ ತುಂಬಿದ ಮ್ಯಾಲೆ ಹಾರ್ಡ್‌ಡಿಸ್ಕ್ ಮಟ್ಟಕ್ಕ ಇಳೀತಾವ. 128 ಜಿಬಿ ಕಾರ್ಡ್ ಕಾಪಿ ಮಾಡುವಾಗ ಅದು ಗೊತ್ತಾಗತದ. ಟಿಎಲ್‌ಸಿ (ಕೋಶಕ್ಕ ಮೂರೇ ಬಿಟ್) ಅಂತ ಬರೆದಿದ್ದು ತಗೋರಿ. ಹಾಕಿದ ಮ್ಯಾಲೆ 'ಡ್ರೈವ್ ಕಾಣವಲ್ದು' ಅಂದ್ರ ಕೆಟ್ಟಿಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್ ತಗದು ಜಿಪಿಟಿ (ಡಿಸ್ಕ್ ಭಾಗ ಮಾಡೋ ಪದ್ಧತಿ) ಆರಿಸಿ, ಹೊಸ ವಾಲ್ಯೂಮ್ ಮಾಡ್ರಿ.

ವ್ಯಾಟ್_ಲೆಕ್ಕ

ಬಂದ ದಿನವೇ ಮಾಡಬೇಕಾದದ್ದು, ಯಾಕಂದ್ರೆ ವಾಪಸ್ ಕೊಡೋ ಅವಧಿ ಬಹಳ ಸಣ್ಣದು. ಪೆಟ್ಟಿಗೆಯ ಸೀಲ್ ಕಾಣೋ ಹಾಗೆ ಬಿಚ್ಚುವುದನ್ನ ಕಡಿಯದೆ ವಿಡಿಯೊ ಮಾಡಿ. ಪೆಟ್ಟಿಗೆ, ತಳ, ಬಿಲ್, ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯಾ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ (ಎಸ್‌ಎಸ್‌ಡಿ ಸ್ಥಿತಿ ತೋರಿಸೋ ತಂತ್ರಾಂಶ) ಪವರ್ ಆನ್ ಅವರ್ಸ್ ಒಂದಂಕಿಯಲ್ಲಿರಬೇಕು, ನೂರಾರು ಗಂಟೆ ತೋರಿಸಿದರೆ ಅದು ಹೊಸದಲ್ಲ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರ ಪೂರ್ತಿ ಪರದೆಗೆ ಹಾಕಿ ಸತ್ತ ಪಿಕ್ಸೆಲ್ ಹುಡುಕಿ.

ಆಮೇಲೆ ಕಂಪನಿಯ ತಂತ್ರಾಂಶದಲ್ಲಿ ಪರ್ಫಾರ್ಮೆನ್ಸ್ ಮೋಡ್‌ಗೆ ಹಾಕಿ (ಲೆನೊವೊದಲ್ಲಿ ಎಫ್‌ಎನ್ ಜೊತೆ ಕ್ಯೂ ಒತ್ತಿದರೆ ಸಾಕು), ಸೈಬರ್‌ಪಂಕ್ 30 ನಿಮಿಷ ಓಡಿಸಿ, ಹಿಂದೆ ಎಚ್‌ಡಬ್ಲ್ಯುಇನ್ಫೊ (ತಾಪ, ಪವರ್ ತೋರಿಸೋ ತಂತ್ರಾಂಶ) ತೆರೆದಿರಲಿ. ನೋಡಬೇಕಾದ್ದು ಜಿಪಿಯು ಪವರ್ ಸಾಲು. ಶುರುವಿನಲ್ಲಿ 90 ಇದ್ದದ್ದು ಇಪ್ಪತ್ತನೇ ನಿಮಿಷಕ್ಕೂ ಅದರ ಹತ್ತಿರವೇ ಇರಬೇಕು. 60ಕ್ಕೆ ಕುಸಿದಿದ್ದರೆ ತಾಪ ನೋಡಿ. ಜಿಪಿಯು 87 ಡಿಗ್ರಿ ಮುಟ್ಟಿದ್ದರೆ ಕೂಲಿಂಗ್ ಸಾಲುತ್ತಿಲ್ಲ, ತಾಪ 75ರೊಳಗೇ ಇದ್ದೂ ಪವರ್ ಬಿದ್ದಿದ್ದರೆ ಚಾರ್ಜರ್ ಅಥವಾ ಮೋಡ್ ತಪ್ಪಿದೆ. ಟೈಪ್-ಸಿಯ 100 ವ್ಯಾಟ್ ಚಾರ್ಜರ್‌ನಲ್ಲಿ ಇದನ್ನ ಪರೀಕ್ಷಿಸಬೇಡಿ, ಆಟಕ್ಕೆ ಅದು ಸಾಲದು.

ಹಿಂಭಾಗವನ್ನ ಎರಡು ಬೆರಳು ದಪ್ಪ ಎತ್ತಿಟ್ಟರೆ ಗಾಳಿ ಸರಾಗ. ಹಾಸಿಗೆ ಮೇಲೆ ಬೇಡವೇ ಬೇಡ. ವ್ಯಾಲೊರಂಟ್‌ನಲ್ಲಿ ಫ್ರೇಮ್ ಮಿತಿ 144ಕ್ಕೆ ಕಟ್ಟಿ, ಪರದೆ ತೋರಿಸದ 250 ಫ್ರೇಮಿಗೋಸ್ಕರ ಬಿಸಿ ಏಕೆ? ಸದಾ ಪ್ಲಗ್‌ನಲ್ಲೇ ಇರೋದಾದ್ರೆ ಬ್ಯಾಟರಿ ಚಾರ್ಜ್ ಮಿತಿ 80%. ಡ್ರೈವರ್ ಎನ್‌ವಿಡಿಯಾದ 'ಸ್ಟುಡಿಯೊ ಡ್ರೈವರ್' ಅನ್ನೋದೇ ಹಾಕಿ, ಆಟವೂ ಅದರಲ್ಲಿ ಸರಿಯಾಗೇ ಓಡುತ್ತೆ. ವ್ಯಾಲೊರಂಟ್ ವಿಂಡೋಸ್ 11ರಲ್ಲಿ ಸೆಕ್ಯೂರ್ ಬೂಟ್, ಟಿಪಿಎಂ 2.0 ಅನ್ನೋ ಎರಡು ಭದ್ರತಾ ವ್ಯವಸ್ಥೆ ಕೇಳುತ್ತೆ. ಬಯಾಸ್‌ನಲ್ಲಿ ಅವನ್ನ ಆಫ್ ಮಾಡಬೇಡಿ.

ಅಕ್ಷರ_ಕಟ್ಟೆ

ಇವರ ಪ್ರಶ್ನೆಗೆ ಹೊರಗಿನದು, ಆದ್ರೂ ಹೊಸ ಲ್ಯಾಪ್‌ಟಾಪಿಗೆ ಹೋಗೋ ಎಲ್ಲರಿಗೂ ತಾಗುತ್ತೆ: ಹಳೇ ಪ್ರಾಜೆಕ್ಟಿನ ಶೀರ್ಷಿಕೆ 'ನುಡಿ' ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ, ಆ ಫಾಂಟ್ ಹಾಕೋವರೆಗೂ ಅರ್ಥವಿಲ್ಲದ ಗುರುತುಗಳೇ ಕಾಣ್ತವೆ. ಮೊದಲು ಫಾಂಟ್‌ಗಳನ್ನ ನಕಲು ಮಾಡ್ಕೊಳ್ಳಿ. ಯುನಿಕೋಡ್‌ನಲ್ಲೇ ಬರೆದೂ ಪ್ರೀಮಿಯರ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದರೆ, ಪ್ರಿಫರೆನ್ಸಸ್, ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನ್ನನ್ನ ದಕ್ಷಿಣ ಏಷ್ಯಾದ ಆಯ್ಕೆಗೆ ಬದಲಿಸಿ. ಆಹ್ವಾನದ ಹೆಸರುಗಳಲ್ಲಿ 'ಲಕ್ಷ್ಮಿ'ಯ ಮ ಒತ್ತು ಕೂತಿದೆಯಾ ಅಂತ ನೋಡೋದು ಒಳ್ಳೆ ಪರೀಕ್ಷೆ.

ದಾವಣಗೆರೆ_ಕ್ಲಿಪ್ಸ್

ಎಲ್ಲರಿಗೂ ಶರಣು. 13450ಎಚ್‌ಎಕ್ಸ್ದಕ್ಕೇ ಕಾಯ್ತೀನಿ. ಕೊನೆಯದೊಂದು: ನಮ್ಮದು ಹಳೇ ಮನೆ, ಚಾರ್ಜಿಂಗ್‌ಗೆ ಹಾಕಿದ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಮೈಕ್‌ನಲ್ಲಿ ಗುಂಯ್ ಅನ್ನೋ ಸದ್ದೂ ಇದೆ. ಹೊಸದಕ್ಕೂ ಹೀಗೇ ಆದ್ರೆ ಯುಪಿಎಸ್ ಬೇಕಾ?

ಹುಬ್ಬಳ್ಳಿ_ಬೋರ್ಡ್

ಯುಪಿಎಸ್ ಬ್ಯಾಡ್ರಿ, ಬ್ಯಾಟರಿ ಐತಲ್ಲ. ನಿಮ್ಮ ಮನಿ ಅರ್ಥಿಂಗ್ ಸರಿ ಇಲ್ಲ. ಚಾರ್ಜರ್ ಒಳಗ ಗದ್ದಲ ಸೋಸಾಕ ಸಣ್ಣ ಕೆಪಾಸಿಟರ್ ಇರತಾವ, ಅವುಗಳಿಂದ ಸೋರೋ ಚೂರು ವಿದ್ಯುತ್ ಮೂರನೇ ಪಿನ್ ಹಿಡಿದು ಭೂಮಿಗೆ ಹೋಗಬೇಕು. ದಾರಿ ಇಲ್ಲದಿದ್ದರ ನಿಮ್ಮ ಕೈಯಾಗ ಹೋಗತದ, ಅದೇ ಜುಮ್ಮು. ಮೈಕಿನಾಗಿನ ಗುಂಯ್ ಅನ್ನೋದೂ ಬಹುತೇಕ ಅದರದೇ. ಚಾರ್ಜರ್ ತಗದು ಬ್ಯಾಟರಿ ಮ್ಯಾಲೆ ರೆಕಾರ್ಡ್ ಮಾಡಿ ಕೇಳ್ರಿ, ಸದ್ದು ನಿಂತರ ಅದು ಖಾತ್ರಿ.

ಮೂರು ಪಿನ್ನಿನದಕ್ಕ ಎರಡು ಪಿನ್ ಕನ್ವರ್ಟರ್ ಹಾಕಿದ್ದರ ಮೊದಲು ಅದನ್ನ ಒಗೀರಿ. ಆಮ್ಯಾಲೆ ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳಸ್ರಿ: ಫೇಸ್–ಅರ್ಥ್ ನಡುವ ಫೇಸ್–ನ್ಯೂಟ್ರಲ್‌ದಷ್ಟೇ, ಅಂದ್ರ 230ರ ಸುತ್ತ ಬರಬೇಕು. ನ್ಯೂಟ್ರಲ್–ಅರ್ಥ್ ನಡುವ ಎರಡು ಮೂರು ವೋಲ್ಟ್ ಒಳಗ ಇರಬೇಕು. ಫೇಸ್–ಅರ್ಥ್ 100, 120 ಅಂತ ತೇಲಾಡಿದ್ರ ತಂತಿ ಕಡಿದದ ಇಲ್ಲಾ ಅರ್ಥಿಂಗ್ ಗುಂಡಿ ಒಣಗೇದ. ಬ್ಯಾಸಿಗ್ಯಾಗ ಗುಂಡಿ ಒಣಗೋದು ಸಾಮಾನ್ಯ, ನಾಕು ಕೊಡ ನೀರು ಹಾಕಿ ಮರುದಿನ ಮತ್ತ ಅಳೀರಿ. ಆಗಲೂ ಏರದಿದ್ದರ ಗುಂಡಿ ಹೊಸದಾಗಿ ಮಾಡಸ್ರಿ. ಲ್ಯಾಪ್‌ಟಾಪ್ ಬರೂದ್ರಾಗ ಮುಗಿಸ್ಕೋರಿ.